ಗ್ರಾಫೈಟ್ ನೆಕ್‌ನ ಹಳೆಯ ಬೇಸ್: ದುಡ್ಡು ಕೊಡುವ ಮುನ್ನ ನೆಕ್ ಅಳೆಯಿರಿ

ಪ್ರಶ್ನೆ: ನಾನು ಚಿಂತಾಮಣಿಯವನು, ರಸಮಂಜರಿ ತಂಡವೊಂದರಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಕೆಜಿಎಫ್‌ನ ಒಂದು ಮನೆಯಲ್ಲಿ ನಾಲ್ಕು ತಂತಿಯ ಹಳೆಯ ಬೇಸ್ ಮಾರಾಟಕ್ಕಿದೆ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಹೇಳಿ ಮಾಡಿಸಿದ್ದಂತೆ. ಬಾಡಿ ಮರದ್ದು, ನೆಕ್ (ಬೆರಳು ಒತ್ತುವ ಉದ್ದನೆಯ ಕತ್ತು) ಕಪ್ಪು ಗ್ರಾಫೈಟ್. ತಲೆಯ ಮೇಲೆ ಕಂಪನಿಯ ಹೆಸರಿಲ್ಲ, ಹಿಂದೆ ಒಂದು ಸೀರಿಯಲ್ ನಂಬರ್ ಇದೆ. ನೆಕ್ಕಿನ ಬಾಗು ತಿದ್ದುವ ಟ್ರಸ್ ರಾಡ್ ತಿರುಗಿಸುವ ತೂತು ಎಲ್ಲೂ ಕಾಣಲಿಲ್ಲ. ಅತಿ ತೆಳುವಾದ ಜಿ ತಂತಿಯಲ್ಲಿ ಐದರಿಂದ ಒಂಬತ್ತನೆಯ ಫ್ರೆಟ್‌ವರೆಗೆ (ನೆಕ್ಕಿನ ಮೇಲಿನ ಅಡ್ಡ ಲೋಹದ ಪಟ್ಟಿಗಳು) ಝರ್ ಎನ್ನುತ್ತದೆ. ‘ಈ ನೆಕ್ ಎಂದಿಗೂ ಬಾಗುವುದಿಲ್ಲ, ಶ್ರುತಿ ಎಂದಿಗೂ ಇಳಿಯುವುದಿಲ್ಲ, ಸತ್ತ ಸ್ವರ ಒಂದೂ ಇಲ್ಲ’ ಎನ್ನುತ್ತಾರೆ ಮಾರುವವರು. ಬೆಲೆಯನ್ನೂ ಅದಕ್ಕೆ ತಕ್ಕಂತೆ ಹೇಳುತ್ತಿದ್ದಾರೆ. ಕೊಳ್ಳಬಹುದೇ? ಝರ್ ಸದ್ದನ್ನು ಸರಿಪಡಿಸಬಹುದೇ? ನಮ್ಮ ಆರ್ಕೆಸ್ಟ್ರಾಗೆ ಒಗ್ಗುತ್ತದೆಯೇ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಮೊದಲನೆಯದಕ್ಕೂ ಸಿಕ್ಕಂತೆಯೇ. ಆದ್ದರಿಂದ ಝರ್ ಸದ್ದಿನಿಂದಲೇ ಶುರು ಮಾಡುತ್ತೇನೆ.

ನೆಕ್ ಬಾಗುವುದಿಲ್ಲ ಎಂಬ ಮಾತು ಬಹುಮಟ್ಟಿಗೆ ನಿಜ. ಮಾರುವವರು ಅದನ್ನು ಹೆಗ್ಗಳಿಕೆಯಾಗಿ ಹೇಳುತ್ತಿದ್ದಾರೆ. ಕೊಳ್ಳುವವರು ಅದನ್ನೇ ಎಚ್ಚರಿಕೆಯಾಗಿ ಕೇಳಿಸಿಕೊಳ್ಳಬೇಕು. ನಾಲ್ಕು ಬೇಸ್ ತಂತಿಗಳನ್ನು ಶ್ರುತಿಗೆ ಏರಿಸಿದಾಗ ನೆಕ್ಕಿನ ಮೇಲೆ ಬೀಳುವ ಒಟ್ಟು ಎಳೆತ ಹೆಚ್ಚುಕಡಿಮೆ 80 ಕಿಲೋ. ಮೇಪಲ್ ಮರದ ನೆಕ್ ಈ ಎಳೆತಕ್ಕೆ ಮುಂದಕ್ಕೆ ಬಾಗುತ್ತದೆ. ಅದನ್ನು ಹಿಂದಕ್ಕೆಳೆದು ಹದದಲ್ಲಿಡಲು ಮರದೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಕೂತಿರುತ್ತದೆ. ನಮ್ಮ ಬಯಲುಸೀಮೆಯಲ್ಲಿ ಏಪ್ರಿಲ್‌ನ ಒಣಗಾಳಿಗೆ ಮರ ಒಂದು ರೀತಿ, ಆಗಸ್ಟ್‌ನ ತೇವಕ್ಕೆ ಇನ್ನೊಂದು ರೀತಿ. ವರ್ಷಕ್ಕೆ ಒಂದೆರಡು ಸಲ ಆ ಸರಳನ್ನು ಕಾಲು ಸುತ್ತು ತಿರುಗಿಸಿದರೆ ಕೆಲಸ ಮುಗಿಯಿತು.

ಗ್ರಾಫೈಟ್ ನೆಕ್ ಎಂದರೆ ಕಾರ್ಬನ್ ನೂಲನ್ನು ಎಪಾಕ್ಸಿ ರಾಳದಲ್ಲಿ ತೋಯಿಸಿ ಅಚ್ಚಿನಲ್ಲಿ ಗಟ್ಟಿಮಾಡಿದ್ದು. ನೂಲಿನ ಉದ್ದಕ್ಕೆ ಅಳೆದರೆ ಇದರ ಬಿಗುವು ಮೇಪಲ್‌ನ ಸುಮಾರು ಹತ್ತು ಪಟ್ಟು. ಅಷ್ಟೇ ಗಾತ್ರಕ್ಕೆ ತೂಕವೂ ಮೇಪಲ್‌ನ ಎರಡು ಪಟ್ಟಿಗಿಂತ ಹೆಚ್ಚಾದ್ದರಿಂದ ಒಳಗೆ ಟೊಳ್ಳು ಬಿಟ್ಟೇ ಮಾಡುತ್ತಾರೆ. 80 ಕಿಲೋ ಎಳೆತಕ್ಕೆ ಅದು ಜಗ್ಗುವುದು ತೀರಾ ಸ್ವಲ್ಪ, ಮಳೆ ಬಿಸಿಲಿನ ತೇವ ವ್ಯತ್ಯಾಸಕ್ಕಂತೂ ಲಕ್ಷ್ಯವೇ ಇಲ್ಲ. ಹೀಗಿರುವಾಗ ಟ್ರಸ್ ರಾಡ್ ಏಕೆ ಎಂದುಕೊಂಡು ಆ ಕಾಲದ ತಯಾರಕರು ಅದನ್ನು ಕೈಬಿಟ್ಟರು. ನಿಮ್ಮ ಚಿಕ್ಕಬಳ್ಳಾಪುರದ ಕಡೆಯ ದ್ರಾಕ್ಷಿ ಚಪ್ಪರದ ಕಲ್ಲುಕಂಬಗಳನ್ನು ನೋಡಿದ್ದೀರಲ್ಲ: ನೆಟ್ಟಾಗ ನೇರ ನಿಂತದ್ದು ನೇರ, ವಾಲಿದ್ದು ವಾಲಿದ್ದೇ. ಈ ನೆಕ್ಕೂ ಅಷ್ಟೇ. ಅಚ್ಚಿನಿಂದ ಹದವಾಗಿ ಬಂದಿದ್ದರೆ ನಿಮ್ಮ ಮೊಮ್ಮಕ್ಕಳೂ ನುಡಿಸಬಹುದು. ಕೊಂಚ ಓರೆಯಾಗಿ ಬಂದಿದ್ದರೆ, ಅಥವಾ ನಡುವೆ ಯಾರೋ ಕೆಡಿಸಿದ್ದರೆ, ಅದನ್ನು ತಿರುಗಿಸಿ ಸರಿಮಾಡಲು ಅಲ್ಲಿ ಯಾವ ತಿರುಪೂ ಇಲ್ಲ. ಹಾಗಾಗಿ ನೀವು ಕೊಳ್ಳುತ್ತಿರುವುದು ಬಹುಪಾಲು ಆ ನೆಕ್ಕಿನ ಇಂದಿನ ಸ್ಥಿತಿಯನ್ನು. ಮಿಕ್ಕದ್ದೆಲ್ಲ ಬದಲಾಯಿಸಬಹುದಾದ ಸಾಮಾನು.

ನಿಮ್ಮ ಕೈಗೆ ಬರುತ್ತಿರುವುದು ಏನಿರಬಹುದು ಎಂದು ತಿಳಿಯಲು ಸ್ವಲ್ಪ ಚರಿತ್ರೆ ಬೇಕು. 1974ರಲ್ಲಿ ಜೆಫ್ ಗೋಲ್ಡ್ ಎಂಬ ಬಾಹ್ಯಾಕಾಶ ಉದ್ಯಮದ ಎಂಜಿನಿಯರ್ ಅಮೆರಿಕದ ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡದ ಸಂಗೀತ ಕಛೇರಿ ನೋಡಲು ಹೋದರು. ಅಲ್ಲಿ ಫಿಲ್ ಲೆಶ್ ನುಡಿಸುತ್ತಿದ್ದ ಭಾರಿ ಅಲೆಂಬಿಕ್ ಬೇಸನ್ನು ಕಂಡು, ಉಪಗ್ರಹಗಳಿಗೆ ಬಳಸುವ ಕಾರ್ಬನ್ ಫೈಬರ್‌ನಲ್ಲಿ ಇದರ ನೆಕ್ ಮಾಡಿದರೆ ಹಗುರವೂ ಆದೀತು, ಬಿಗಿಯೂ ಆದೀತು ಎಂದು ಅವರಿಗೆ ಹೊಳೆಯಿತು. ಅಲೆಂಬಿಕ್ ಕಂಪನಿಯ ರಿಕ್ ಟರ್ನರ್ ಜೊತೆ ಸೇರಿ ಮಾದರಿಗಳನ್ನು ಮಾಡಿದರು. ಅಂಥ ನೆಕ್ ಇದ್ದ ಅಲೆಂಬಿಕ್ ಬೇಸ್ 1977ರಲ್ಲಿ ಪ್ರದರ್ಶನಕ್ಕೆ ಬಂತು, ಫ್ಲೀಟ್‌ವುಡ್ ಮ್ಯಾಕ್ ತಂಡದ ಜಾನ್ ಮೆಕ್‌ವೀ ಅದನ್ನು ಕೊಂಡರು. ಮರುವರ್ಷ ಗೋಲ್ಡ್ ಮತ್ತು ಗೆಳೆಯರು ಮಾಡ್ಯುಲಸ್ ಗ್ರಾಫೈಟ್ ಎಂಬ ಕಂಪನಿ ಕಟ್ಟಿದರು. ನೆಡ್ ಸ್ಟೈನ್‌ಬರ್ಗರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತಲೆಯನ್ನೇ ತೆಗೆದುಹಾಕಿ, ಬಾಡಿ ನೆಕ್ ಎರಡನ್ನೂ ರಾಳ ಮತ್ತು ನೂಲಿನಿಂದಲೇ ಮಾಡಿದರು. ಇಂಗ್ಲೆಂಡಿನಲ್ಲಿ ರಾಬ್ ಗ್ರೀನ್ ಅವರ ಸ್ಟೇಟಸ್, ಅಮೆರಿಕದಲ್ಲಿ ಜೋ ಝಾನ್ ಅವರ ಝಾನ್ ಕಂಪನಿ ಬಂದದ್ದೂ 1980ರ ದಶಕದಲ್ಲೇ.

ನಿಮಗೆ ಮುಖ್ಯವಾದದ್ದು ಇದು: ಮಾಡ್ಯುಲಸ್ ತನ್ನ ನೆಕ್ಕುಗಳನ್ನು ಬೇರೆಯವರಿಗೂ ಮಾಡಿಕೊಡುತ್ತಿತ್ತು. ಮ್ಯೂಸಿಕ್ ಮ್ಯಾನ್ ಕಂಪನಿಯ ಕಟ್‌ಲಾಸ್ ಬೇಸ್‌ಗೆ ಹೋದದ್ದು ಅದರ ನೆಕ್ಕೇ. ಹೆಸರಿಲ್ಲದ ನಿಮ್ಮ ವಾದ್ಯ ಸಣ್ಣ ಕುಶಲಕರ್ಮಿಯೊಬ್ಬರು ನೆಕ್ ಕೊಂಡುತಂದು ತಮ್ಮ ಬಾಡಿಗೆ ಕೂರಿಸಿದ್ದು ಇರಬಹುದು. ಅದು ಕೀಳೇನಲ್ಲ. ಆದರೆ ಅಲೆಂಬಿಕ್‌ನ ಬೆಲೆಯನ್ನು ಅಲೆಂಬಿಕ್ ಎಂದು ಖಚಿತವಾದ ಮೇಲೆಯೇ ಕೊಡಬೇಕು. ಸೀರಿಯಲ್ ನಂಬರಿನ ಸ್ಪಷ್ಟ ಫೋಟೊ ತೆಗೆದು ಆ ಕಂಪನಿಗೇ ಬರೆದು ಕೇಳಿ. ತಮ್ಮ ಹಳೆಯ ವಾದ್ಯಗಳ ದಾಖಲೆಯನ್ನು ಅವರು ಇಟ್ಟುಕೊಂಡಿದ್ದಾರೆ. ಅಂಥ ವಾದ್ಯ ಕೆಜಿಎಫ್‌ಗೆ ಹೇಗೆ ಬಂತು ಎಂಬ ಅನುಮಾನ ನನಗೇನೂ ಇಲ್ಲ. ಚಿನ್ನದ ಗಣಿಯ ಕಾಲದಿಂದ ಅಲ್ಲಿ ಚರ್ಚಿನ ಸಂಗೀತ, ಕ್ಲಬ್ಬಿನ ನೃತ್ಯ, ಆಂಗ್ಲೋ ಇಂಡಿಯನ್ ಮನೆಗಳ ಗಿಟಾರು ಎಲ್ಲ ಇದ್ದವು. 2001ರಲ್ಲಿ ಗಣಿ ಮುಚ್ಚುವ ಹೊತ್ತಿಗೆ ಎಷ್ಟೋ ಕುಟುಂಬಗಳ ಅರ್ಧ ಜನ ಹೊರದೇಶದಲ್ಲಿದ್ದರು. ಕಥೆ ನಂಬುವಂತಿದೆ. ಆದರೆ ಕಥೆಗೆ ದುಡ್ಡು ಕೊಡಬೇಡಿ.

ನೆಕ್ ನಿಜಕ್ಕೂ ಗ್ರಾಫೈಟೇ ಎಂಬುದನ್ನೂ ನೋಡಿಕೊಳ್ಳಿ. ಮರದ ನೆಕ್ಕಿನೊಳಗೆ ಎರಡು ಕಾರ್ಬನ್ ಪಟ್ಟಿ ಹುದುಗಿಸಿ ‘ಗ್ರಾಫೈಟ್ ನೆಕ್’ ಎಂದು ಮಾರುವುದುಂಟು. ಕಪ್ಪು ಬಣ್ಣ ಬಳಿದ ಮೇಪಲ್ ಕೂಡ ದೂರದಿಂದ ಹಾಗೇ ಕಾಣುತ್ತದೆ. ನೆಕ್ ಬೋಲ್ಟಿನಿಂದ ಕೂತಿದ್ದರೆ ಮಾರುವವರ ಒಪ್ಪಿಗೆ ಪಡೆದು ತಂತಿ ಸಡಿಲಿಸಿ ಬಿಚ್ಚಿ ನೋಡಿ. ಬಾಡಿಯೊಳಗೆ ಕೂರುವ ಬುಡದಲ್ಲಿ ಬಣ್ಣವಿಲ್ಲದ ಜಾಗ ಇದ್ದೇ ಇರುತ್ತದೆ. ಅಲ್ಲಿ ಮರದ ಎಳೆ ಕಂಡರೆ ಮಾತು ಮುಗಿಯಿತು. ಕಪ್ಪು ನೂಲು ಕಂಡರೆ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಅಲ್ಲಿಗೇ ಒತ್ತಿ ಹಿಡಿಯಿರಿ. ಕಾರ್ಬನ್ ವಿದ್ಯುತ್ ಹರಿಸುತ್ತದೆ, ಮರ ಹರಿಸುವುದಿಲ್ಲ. ಬೋಲ್ಟ್ ಬಿಚ್ಚುವಾಗ ಒಂದು ಎಚ್ಚರಿಕೆ: ನೆಕ್ಕಿನಲ್ಲಿ ಬೋಲ್ಟ್ ಹಿಡಿಯುವ ಲೋಹದ ತಿರುಪು ಗೂಡುಗಳನ್ನು ಅಂಟಿನಿಂದ ಕೂರಿಸಿರಬಹುದು. ಬಲವಂತ ಮಾಡಿ ಅದನ್ನು ಕಿತ್ತರೆ ಮತ್ತೆ ಕೂರಿಸುವುದು ಸಣ್ಣ ಕೆಲಸವಲ್ಲ.

ಈಗ ಅಳತೆ. ಇದಕ್ಕೆ ದುಬಾರಿ ಉಪಕರಣ ಬೇಡ. ದ್ವಿಚಕ್ರ ವಾಹನದ ಮೆಕ್ಯಾನಿಕ್ ಟ್ಯಾಪೆಟ್ ಹೊಂದಿಸಲು ಬಳಸುವ, ಬೇರೆ ಬೇರೆ ದಪ್ಪದ ಉಕ್ಕಿನ ಎಲೆಗಳ ಫಿಲ್ಲರ್ ಗೇಜ್ ಒಂದನ್ನು ಕೇಳಿ ತನ್ನಿ, ಒರೆಸಿಟ್ಟುಕೊಳ್ಳಿ. ಬೇಸನ್ನು ಮಡಿಲಲ್ಲಿ ಮಲಗಿಸಬೇಡಿ, ನುಡಿಸುವಾಗ ಹಿಡಿಯುವಂತೆ ನಿಲ್ಲಿಸಿ ಹಿಡಿಯಿರಿ. ತಂತಿಗಳು ಪೂರ್ತಿ ಶ್ರುತಿಯಲ್ಲಿರಲಿ. ಅತಿ ದಪ್ಪನೆಯ ಇ ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿ ಎಡಗೈ ಬೆರಳಿನಿಂದ, ಕೊನೆಯ ಫ್ರೆಟ್ಟಿನಲ್ಲಿ ಬಲ ಮೊಣಕೈಯಿಂದಲೋ ಗೆಳೆಯರ ಬೆರಳಿನಿಂದಲೋ ಒತ್ತಿ. ಎಳೆದು ಕಟ್ಟಿದ ತಂತಿ ನೇರ ಗೆರೆ. ಈಗ ಅದೇ ನಿಮ್ಮ ಅಳತೆಪಟ್ಟಿ. ಏಳು ಮತ್ತು ಎಂಟನೆಯ ಫ್ರೆಟ್ಟಿನ ನೆತ್ತಿಗೂ ತಂತಿಯ ತಳಕ್ಕೂ ನಡುವಿನ ಸಂದಿಯಲ್ಲಿ ಗೇಜಿನ ಎಲೆಗಳನ್ನು ಒಂದೊಂದಾಗಿ ತೂರಿಸಿ. ತಂತಿ ಮೇಲೇಳದಂತೆ ಸಲೀಸಾಗಿ ನುಸುಳುವ ಅತಿ ದಪ್ಪ ಎಲೆಯ ಸಂಖ್ಯೆಯನ್ನು ಬರೆದುಕೊಳ್ಳಿ. ಇದನ್ನೇ ಜಿ ತಂತಿಯ ಕೆಳಗೂ ಮಾಡಿ.

0.1ರಿಂದ 0.3 ಮಿಲಿಮೀಟರ್ ಒಳಗೆ ಎರಡೂ ಬಂದರೆ, ಎರಡರ ನಡುವೆ ಹೆಚ್ಚು ಅಂತರವಿಲ್ಲದಿದ್ದರೆ, ನೆಕ್ ಆರೋಗ್ಯವಾಗಿದೆ. ಸಂದಿಯೇ ಇಲ್ಲ, ತಂತಿ ನಡುವಿನ ಫ್ರೆಟ್ಟುಗಳ ಮೇಲೆ ಒರಗಿದೆ ಎಂದರೆ ನೆಕ್ ಹಿಂದಕ್ಕೆ ಬಾಗಿದೆ, ಇಲ್ಲವೇ ನಡುವೆ ಉಬ್ಬಿದೆ. 0.5 ಮಿಲಿಮೀಟರ್ ದಾಟಿದರೆ ಮುಂದಕ್ಕೆ ಜಗ್ಗಿದೆ. ಇ ಕಡೆ ಸರಿಯಿದ್ದು ಜಿ ಕಡೆ ಸಂದಿ ಇಲ್ಲದಿದ್ದರೆ ನೆಕ್ ತಿರುಚಿಕೊಂಡಿದೆ ಎಂಬ ಅನುಮಾನ. ನನಗೆ ಹೆಚ್ಚು ಭಯ ಅದರದ್ದೇ.

ನೀವು ಹೇಳಿದ ಲಕ್ಷಣ ಮಾತ್ರ ಬೇರೆ ದಿಕ್ಕು ತೋರಿಸುತ್ತದೆ. ಹಿಂದಕ್ಕೆ ಬಾಗಿದ ನೆಕ್ ಸಾಮಾನ್ಯವಾಗಿ ಮೊದಲ ಮೂರು ನಾಲ್ಕು ಫ್ರೆಟ್ಟುಗಳಲ್ಲಿ ಝರ್ ಎನ್ನುತ್ತದೆ, ಮುಂದಕ್ಕೆ ಜಗ್ಗಿದ್ದು ಹನ್ನೆರಡರ ಆಚೆ. ಒಂದೇ ತಂತಿ, ಅದೂ ನಡುವಿನ ಕೆಲವೇ ಫ್ರೆಟ್ಟು ಎಂದರೆ ಮುಂದಿನ ಒಂದೆರಡು ಫ್ರೆಟ್ ಎದ್ದಿರುವ ಸಾಧ್ಯತೆ ಹೆಚ್ಚು. ಇದನ್ನೂ ಅಲ್ಲೇ ಪರೀಕ್ಷಿಸಬಹುದು. ನಿಮ್ಮ ಎಟಿಎಂ ಕಾರ್ಡಿನ ಉದ್ದನೆಯ ಅಂಚನ್ನು ಮೂರು ಫ್ರೆಟ್ಟುಗಳ ಮೇಲೆ ಜಿ ತಂತಿಯ ಪಕ್ಕದಲ್ಲೇ ನಿಲ್ಲಿಸಿ. ಬೇಸಿನಲ್ಲಿ ನಾಲ್ಕರಿಂದ ಹತ್ತನೆಯ ಫ್ರೆಟ್‌ವರೆಗೆ ಅದರ ಉದ್ದ ಸರಿಯಾಗಿ ಮೂರಕ್ಕೆ ಮುಟ್ಟುತ್ತದೆ, ನಾಲ್ಕಕ್ಕೆ ಮುಟ್ಟುವುದಿಲ್ಲ. ಕಾರ್ಡ್ ಎರಡೂ ಕಡೆ ತೊನೆದು ಟಕ್ ಟಕ್ ಎಂದರೆ ನಡುವಿನ ಫ್ರೆಟ್ ಎತ್ತರ. ಆ ಫ್ರೆಟ್ಟನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಮತ್ತೆ ನೋಡಿ. ಒತ್ತಿದಾಗ ತೊನೆತ ನಿಂತರೆ ಫ್ರೆಟ್ ಬುಡ ಬಿಟ್ಟಿದೆ, ಅಂಟು ಹಾಕಿ ಕೂರಿಸಿದರಾಯಿತು. ನಿಲ್ಲದಿದ್ದರೆ ನೆತ್ತಿ ಸವರಬೇಕು. ಎರಡೂ ಒಬ್ಬ ಒಳ್ಳೆಯ ಕೆಲಸಗಾರನಿಗೆ ಮಾಮೂಲಿ.

ಒಳ್ಳೆಯ ಕೆಲಸಗಾರ ಎಂದು ಒತ್ತಿ ಹೇಳಲು ಕಾರಣವಿದೆ. ತಂಡವೊಂದು ಇಂಥದೇ ನೆಕ್ಕನ್ನು ಬಡಗಿಯೊಬ್ಬರಿಂದ ಉಜ್ಜಿಸಿ ತುಮಕೂರಿಗೆ ನನ್ನ ಬಳಿ ತಂದಿತ್ತು. ಅವರು ಫ್ರೆಟ್ಟಿನ ಜೊತೆಗೆ ನೆಕ್ಕಿನ ಅಂಚನ್ನೂ ಮರಳುಕಾಗದದಿಂದ ‘ನುಣುಪು’ ಮಾಡಿದ್ದರು. ಹಿಂಬದಿಯ ಮುಚ್ಚಳ ತೆಗೆದರೆ ವಾಲ್ಯೂಮ್ ಗುಂಡಿಯ ಕಾಲುಗಳ ನಡುವೆ ಕಾಡಿಗೆಯಂಥ ಕಪ್ಪು ಹುಡಿ ಕೂತಿತ್ತು, ಆನ್ ಮಾಡಿದರೆ ಬರೀ ಚಟಪಟ. ಕಾರ್ಬನ್ ಹುಡಿ ವಿದ್ಯುತ್ ಹರಿಸುವುದರಿಂದ ಹೀಗಾಗುತ್ತದೆ. ಅದು ಉಸಿರಿಗೂ ಒಳ್ಳೆಯದಲ್ಲ. ಮುಖಗವಸಿಲ್ಲದೆ, ತಂತಿಯ ಕಂಪನ ಹಿಡಿಯುವ ಪಿಕಪ್ ಮತ್ತು ಗುಂಡಿಗಳ ಮೇಲೆ ಟೇಪ್ ಅಂಟಿಸದೆ ಯಾರೂ ಇದನ್ನು ಉಜ್ಜಕೂಡದು.

ಫಿಂಗರ್‌ಬೋರ್ಡ್, ಅಂದರೆ ಫ್ರೆಟ್ ಕೂತಿರುವ ಹಲಗೆ, ಬಹುಶಃ ಫೀನಾಲಿಕ್ ಆಗಿರುತ್ತದೆ. ಎಲೆಕ್ಟ್ರಿಷಿಯನ್‌ಗಳು ಹೈಲಂ ಶೀಟ್ ಎನ್ನುವ ವಸ್ತುವಿನ ಹತ್ತಿರದ ನೆಂಟ. ತುಂಬಾ ಗಟ್ಟಿ, ಆದರೆ ಮರದಂತೆ ಒತ್ತಿಕೊಳ್ಳುವ ಗುಣವಿಲ್ಲ. ಸೀಳಿನ ಅಗಲಕ್ಕೆ ಸರಿಹೊಂದುವ ಫ್ರೆಟ್ ತಂತಿಯನ್ನೇ ಹುಡುಕಬೇಕು. ದಪ್ಪ ಬುಡದ್ದನ್ನು ಸುತ್ತಿಗೆಯಿಂದ ಹೊಡೆದರೆ ಅಂಚು ಚಕ್ಕೆ ಏಳುತ್ತದೆ. ಪೂರ್ತಿ ಫ್ರೆಟ್ ಬದಲಿಸಬೇಕಾದರೆ ಮರದ ನೆಕ್ಕಿಗಿಂತ ಹೆಚ್ಚು ಸಮಯ, ಹೆಚ್ಚು ಕೂಲಿ. ನನ್ನ ಸಣ್ಣ ಅರಗಳೆಲ್ಲ ಇಲ್ಲಿದ್ದ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಿಂದ ನಿವೃತ್ತರಾದವರ ಪೆಟ್ಟಿಗೆಯಿಂದ ಬಂದವು. ಅಂಥ ಕೈಗಳು ಈಗ ಸಿಗುವುದು ಕಷ್ಟ.

ಸಂದಿ ತೀರಾ ಕಡಿಮೆ ಇದ್ದು, ನೆಕ್ ತಿರುಚಿಕೊಂಡಿಲ್ಲ ಎಂದಾದರೆ ಒಂದು ಅಗ್ಗದ ಉಪಾಯವಿದೆ. ಟ್ರಸ್ ರಾಡ್ ಇಲ್ಲದ ನೆಕ್ಕು ತಂತಿಯ ಎಳೆತಕ್ಕೆ ಇಷ್ಟೇ ಜಗ್ಗಲಿ ಎಂಬ ಲೆಕ್ಕದಿಂದ ಮಾಡಿದ್ದು. ಅದಕ್ಕೆ ಯಾರೋ ತೆಳುವಾದ ತಂತಿ ಹಾಕಿದ್ದರೆ ಎಳೆತ ಸಾಲದೆ ನೆಕ್ ನೆಟ್ಟಗೆ ನಿಂತುಬಿಡುತ್ತದೆ. ಈಗಿರುವುದು ಯಾವ ದಪ್ಪದ್ದು ಎಂದು ಕೇಳಿ. ತೆಳುವಾಗಿದ್ದರೆ 45ರಿಂದ 105ರ (ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ದಪ್ಪ) ಹೊಸ ಜೊತೆ ಹಾಕಿ, ಒಂದು ದಿನ ಬಿಟ್ಟು ಮತ್ತೆ ಅಳೆಯಿರಿ. ಮುಂದಕ್ಕೆ ಜಗ್ಗಿದ್ದರೆ ಇದರ ತಿರುವುಮುರುವು. ಬದಲಾವಣೆ ಅಲ್ಪ, ಆದರೆ ಕೆಲವೊಮ್ಮೆ ಬೇಕಾಗುವುದೂ ಅಷ್ಟೇ. ನೆಕ್ಕಿನ ಬುಡಕ್ಕೆ ತಗಡಿನ ತುಂಡು ಕೊಟ್ಟು ಕೋನ ಬದಲಿಸಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದರಿಂದ ತಂತಿಯ ಎತ್ತರ ಬದಲಾಗುತ್ತದೆ, ನೆಕ್ಕಿನ ಬಾಗು ಬದಲಾಗುವುದಿಲ್ಲ.

‘ಸತ್ತ ಸ್ವರ ಇಲ್ಲ’ ಎಂಬ ಮಾತಿಗೆ ಬರೋಣ. ಮರದ ನೆಕ್ಕಿನ ಬೇಸುಗಳಲ್ಲಿ ಜಿ ತಂತಿಯ ಐದರಿಂದ ಏಳನೆಯ ಫ್ರೆಟ್ ಆಸುಪಾಸಿನಲ್ಲಿ ಒಂದು ಸ್ವರ ಬೇಗ ಆರಿಹೋಗುವುದನ್ನು ನೀವೂ ಕೇಳಿರುತ್ತೀರಿ. ಆ ಜಾಗದ ಸ್ವರಗಳ ಕಂಪನ ಸೆಕೆಂಡಿಗೆ ಸುಮಾರು 131ರಿಂದ 147. ನೆಕ್ ತಾನೇ ನಡುಗಲು ಇಷ್ಟಪಡುವ ಕಂಪನವೂ ಅಲ್ಲೇ ಬಿದ್ದರೆ ತಂತಿಯ ಶಕ್ತಿಯನ್ನು ನೆಕ್ ಹೀರಿಕೊಳ್ಳುತ್ತದೆ. ನೆಕ್ ಬಿಗಿಯಾದಷ್ಟೂ ಅದರ ಸ್ವಂತ ಕಂಪನ ಮೇಲಕ್ಕೆ ಸರಿದು ಬೇಸಿನ ಮುಖ್ಯ ಸ್ವರಗಳಿಂದ ದೂರ ಹೋಗುತ್ತದೆ. ಗ್ರಾಫೈಟಿನ ನಿಜವಾದ ಲಾಭ ಇದೇ. ಆದರೆ ‘ಒಂದೂ ಇಲ್ಲ’ ಎನ್ನುವುದು ವ್ಯಾಪಾರದ ಮಾತು. ತಲೆಯ ತೂಕ, ಬಾಡಿಯ ಜೋಡಣೆ ಎಲ್ಲವೂ ಇದರಲ್ಲಿ ಪಾಲುದಾರರು. ಆಂಪ್ಲಿಫೈಯರ್ ಇಲ್ಲದೆ, ಜಿ ತಂತಿಯ ಒಂದೊಂದೇ ಫ್ರೆಟ್ ಒತ್ತಿ ಒಂದೇ ಬಲದಲ್ಲಿ ಮೀಟಿ, ಸ್ವರ ಆರುವವರೆಗೆ ಕೇಳುತ್ತ ಹೋಗಿ. ಯಾವುದಾದರೂ ಒಂದು ಥಟ್ಟನೆ ಕುಸಿದರೆ ನಿಮಗೇ ಗೊತ್ತಾಗುತ್ತದೆ.

ಶ್ರುತಿ ಇಳಿಯುವುದಿಲ್ಲ ಎಂಬುದೂ ಅರ್ಧ ಸತ್ಯ. ಕಾರ್ಬನ್ ನೂಲು ಬಿಸಿಗೆ ಉದ್ದಕ್ಕೆ ಹಿಗ್ಗುವುದೇ ಇಲ್ಲ ಎನ್ನಬಹುದು, ಉಕ್ಕಿನ ತಂತಿ ಹಿಗ್ಗುತ್ತದೆ. ಹಗಲೆಲ್ಲ ಬಿಸಿಲಿನಲ್ಲಿದ್ದ ವ್ಯಾನಿನಿಂದ ಇಳಿಸಿದ ಬೇಸ್ ರಾತ್ರಿಯ ವೇದಿಕೆಯಲ್ಲಿ ತಣಿಯುತ್ತಾ ಹೋದಂತೆ ತಂತಿ ಬಿಗಿಯಾಗಿ ಶ್ರುತಿ ಏರುತ್ತದೆ. ನಾಲ್ಕೂ ಒಟ್ಟಿಗೆ ಸರಿಯುವುದರಿಂದ ತಿದ್ದುವುದು ಸುಲಭ, ಅಷ್ಟೇ. ವ್ಯಾನಿನ ಮಾತು ಬಂದದ್ದರಿಂದ ಹೇಳುತ್ತೇನೆ: ಮುಚ್ಚಿದ ಗಾಡಿಯಲ್ಲಿ ಮಧ್ಯಾಹ್ನ ಈ ವಾದ್ಯವನ್ನು ಬಿಡಬೇಡಿ. ಕೋಣೆಯ ಶಾಖದಲ್ಲಿ ಗಟ್ಟಿಯಾಗುವ ಎಪಾಕ್ಸಿ ಅಂಟುಗಳಲ್ಲಿ ಹಲವು 60-70 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತವೆ. ಫಿಂಗರ್‌ಬೋರ್ಡ್ ಅಂಥ ಅಂಟಿನಲ್ಲಿ ಕೂತಿದ್ದರೆ ಅಂಚಿನಲ್ಲಿ ಬಿರಿಯಬಹುದು. ಕೊಳ್ಳುವಾಗಲೂ ನೆಕ್ಕಿನ ಎರಡೂ ಬದಿಯಲ್ಲಿ, ಹಲಗೆ ಕಾರ್ಬನ್‌ಗೆ ಸೇರುವ ಗೆರೆಯ ಉದ್ದಕ್ಕೂ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳುವ ಸಂದಿ ಇರಕೂಡದು.

ಒಳಗಿನ ವಿದ್ಯುತ್ ಭಾಗದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬ್ಯಾಟರಿ ಸೋರಿ ಹಸಿರುಗಟ್ಟಿದ್ದರೆ, ಗುಂಡಿ ಕರಕರ ಎಂದರೆ, ಹಳೆಯ ಕೆಪಾಸಿಟರ್ ಒಣಗಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲ್ಲಕ್ಕೂ ಬದಲಿ ಸಿಗುತ್ತದೆ. ಪಿಕಪ್ ಮಾತ್ರ ಕೆಲಸ ಮಾಡುತ್ತಿರಬೇಕು, ರಾಳದಲ್ಲಿ ಮುಳುಗಿಸಿದ್ದನ್ನು ಬಿಚ್ಚಿ ಸುತ್ತಲಾಗುವುದಿಲ್ಲ. ಮೂಲದ ಸರ್ಕ್ಯೂಟನ್ನು ಬದಲಿಸಿದರೂ ಎಸೆಯಬೇಡಿ, ಡಬ್ಬಿಯಲ್ಲಿಡಿ.

ಆರ್ಕೆಸ್ಟ್ರಾಗೆ ಒಗ್ಗುತ್ತದೆಯೇ ಎಂದಿರಿ. ನಮ್ಮ ಜಿಲ್ಲೆಗಳಲ್ಲಿ ಎಷ್ಟೋ ತಂಡಗಳು ಬೇಸ್ ವಾದಕರನ್ನೇ ಕೈಬಿಟ್ಟು ಕೀಬೋರ್ಡಿನ ಎಡಗೈಗೆ ಆ ಕೆಲಸ ವಹಿಸಿವೆ, ನೀವಿನ್ನೂ ನುಡಿಸುತ್ತಿದ್ದೀರಿ ಎಂಬುದೇ ನನಗೆ ಸಂತೋಷ. ಗ್ರಾಫೈಟ್ ನೆಕ್ಕಿನ ನಾದದಲ್ಲಿ ಮೀಟಿನ ಮೊದಲ ತುದಿ ಸ್ಪಷ್ಟ, ಸ್ವರ ದೀರ್ಘ, ಮೇಲಿನ ಹಾರ್ಮೋನಿಕ್‌ಗಳು (ಸ್ವರದ ಜೊತೆಗೇ ಹುಟ್ಟುವ ಉಪಸ್ವರಗಳು) ಧಾರಾಳ. ಗಣೇಶನ ಪೆಂಡಾಲಿನಲ್ಲಿ, ತಬಲ, ಡೋಲು, ರಿದಂ ಪ್ಯಾಡ್‌ಗಳ ಗದ್ದಲದ ನಡುವೆ ಸ್ವರ ಯಾವುದೆಂದು ತಿಳಿಯುತ್ತದೆ. ಹಳೆಯ ಚಿತ್ರಗೀತೆಗಳಿಗೆ ಬೇಕಾದ ಗುಂಡನೆಯ, ಬೇಗ ಆರುವ ದಪ್ಪ ನಾದ ಇದರಲ್ಲಿ ತಾನಾಗಿ ಬರುವುದಿಲ್ಲ. ಫ್ಲಾಟ್‌ವೌಂಡ್ (ಚಪ್ಪಟೆ ಪಟ್ಟಿ ಸುತ್ತಿದ) ತಂತಿ ಹಾಕಿ, ಬಾಡಿಯ ಮೇಲೆ ತಂತಿಗಳನ್ನು ಹೊರುವ ಬ್ರಿಡ್ಜಿನ ಬಳಿ ತಂತಿಯ ಕೆಳಗೆ ಸ್ಪಾಂಜ್ ತುಂಡು ಇಟ್ಟರೆ ಹತ್ತಿರ ಬರುತ್ತದೆ. ನಿಮ್ಮ ಕಾರ್ಯಕ್ರಮದ ಮುಕ್ಕಾಲು ಪಾಲು ಹಳೆಯ ಹಾಡುಗಳೇ ಆದರೆ ಇಷ್ಟು ದುಡ್ಡನ್ನು ಈ ವಾದ್ಯಕ್ಕೆ ಹಾಕು ಎಂದು ನಾನು ಹೇಳಲಾರೆ. ಒಳ್ಳೆಯ ಮೇಪಲ್ ನೆಕ್ಕಿನ ಬೇಸ್ ಸಾಕು.

ಬೆಲೆಯನ್ನು ಅಳತೆ ಆದ ಮೇಲೆ ಮಾತಾಡಿ. ನೆಕ್ ನೇರವಾಗಿದ್ದು ಬರೀ ಫ್ರೆಟ್ ಎದ್ದಿದ್ದರೆ, ರಿಪೇರಿಯ ಕೂಲಿಯನ್ನು ಕಳೆದು ಉಳಿದದ್ದಕ್ಕೆ ಒಪ್ಪಬಹುದು. ನೆಕ್ ಜಗ್ಗಿದ್ದು ತಂತಿ ಬದಲಿಸಿದರೂ ಸರಿಯಾಗದಿದ್ದರೆ, ಫ್ರೆಟ್ಟೆಲ್ಲ ಕಿತ್ತು ಹಲಗೆಯನ್ನೇ ಸಮ ಮಾಡಿ ಹೊಸ ಫ್ರೆಟ್ ಕೂರಿಸಬೇಕು. ಆಗ ಹೇಳಿದ ಬೆಲೆಯ ಅರ್ಧಕ್ಕಿಂತ ಹೆಚ್ಚು ಕೊಡಬೇಡಿ. ತಿರುಚಿಕೊಂಡಿದ್ದರೆ, ಬಾಡಿ ಮತ್ತು ಪಿಕಪ್‌ಗಳ ಬೆಲೆಗಷ್ಟೇ ಕೊಳ್ಳಿ, ಇಲ್ಲವೇ ನಮಸ್ಕಾರ ಹೇಳಿ ಬನ್ನಿ. ಇ ಮತ್ತು ಜಿ ತಂತಿಯ ಕೆಳಗಿನ ಎರಡು ಸಂಖ್ಯೆ, ಈಗಿನ ತಂತಿಗಳ ದಪ್ಪ, ಕಾರ್ಡ್ ತೊನೆದ ಫ್ರೆಟ್ ಯಾವುದು, ಇಷ್ಟನ್ನು ಬರೆದು ಕಳುಹಿಸಿದರೆ ಈ ಮೂರರಲ್ಲಿ ನಿಮ್ಮದು ಯಾವುದು ಎಂದು ಹೇಳುತ್ತೇನೆ. ಅಲ್ಲಿಯವರೆಗೆ ಮುಂಗಡ ಕೊಡಬೇಡಿ.